ಕೆ ಅಂದರೆ ಮೇಲೆ

ಮಂಡಿಪೇಟೆಯಲ್ಲಿ ಮಹಡಿ ಮೇಲಿನ ಕೋಣೆ.
ಕೆಳಗೆ ಸಂಜೆಯ ಮೊದಲ ಮಿರ್ಚಿ ಎಣ್ಣೆಗೆ ಬೀಳುವ ಸದ್ದು.
ಹನ್ನೊಂದು ಟೈಪ್‌ರೈಟರುಗಳನ್ನು ತೂಕಕ್ಕೆ ಹಾಕಿದ ಮೇಲೆ
ಉಳಿದದ್ದು ಹನ್ನೊಂದು ಸ್ಟೂಲು
ಮತ್ತು ಈ ಹತ್ತು ಬೆರಳು.

ಮುಬೀನಾ ಬಂದಳು. ಈಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾಳೆ,
ಒಂದು ಕಾಲಕ್ಕೆ ಇಲ್ಲೇ ಕೂತು
ಕಿರುಬೆರಳಿಂದ ಎ ಒತ್ತಲಾರದೆ ಅತ್ತವಳು.
"ಮೇಡಂ, ನಮ್ಮ ಹುಡುಗರು ಕೋಡ್ ಬರೀತಾರೆ,
ಕೋಳಿ ಕಾಳು ಹೆಕ್ಕಿದ ಹಂಗೆ.
ನೀವು ಬಂದು ಬೆರಳು ಕೂರಿಸಿಕೊಡ್ರಿ.
ಆದ್ರೆ ಮೊದಲು ನೀವು ಈ ಎಡಿಟರ್ ಕಲೀಬೇಕು.
ಇದಕ್ಕೆ ಮೌಸ್ ಬೇಡ."
ಒಳ್ಳೆಯದೇ ಆಯಿತು.
ನನಗೂ ಇಲಿಗೂ ಮೊದಲಿಂದ ಅಷ್ಟಕ್ಕಷ್ಟೆ.

ಖಾಲಿ ಪರದೆ ಕಂಡದ್ದೇ
ಡಿಯರ್ ಸರ್ ಎಂದು ಹೊಡೆದೆ, ಮೂವತ್ತು ವರ್ಷದ ರೂಢಿ.
ಡಿ ನುಂಗಿತು. ಇ ನುಂಗಿತು. ಎ ಅಂದಾಗ
ಅದೇನು ತಿಳಿಯಿತೋ, ಬಾಗಿಲು ತೆರೆಯಿತು.
ಬರೀ ಒಂದು ಆರ್ ನಿಂತಿತ್ತು, ಅದರ ಪಕ್ಕ ಸರ್,
ತಲೆಯಿಲ್ಲದ ಅರ್ಜಿ.
"ನೀವಿನ್ನೂ ಬರೆಯೋ ಸ್ಥಿತೀಲಿ ಇರಲಿಲ್ಲ ಮೇಡಂ."

ಯೋಚಿಸಿದೆ. ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿದಾಗ
ಹಾರನ್ ಎಷ್ಟು ಒತ್ತಿದರೂ ಬರೀ ಹಾರನ್.
ಐ ಒತ್ತಿದರೆ ಗೇಟು ಏಳುತ್ತದೆ, ಅಕ್ಷರಗಳು ಹೊರಡುತ್ತವೆ.
ಎಸ್ಕೇಪ್ ಒತ್ತಿದರೆ ಬೀಳುತ್ತದೆ.
ಗೇಟು ಬಿದ್ದಷ್ಟು ಹೊತ್ತು
ಓಡಾಡಬಹುದು, ನೋಡಬಹುದು, ಅಳಿಸಬಹುದು.
ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಾಗೇ ಇರಬೇಕಂತೆ.
ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನಾಲ್ಕು ದಿಕ್ಕು.
ಎಚ್ ಎಡಕ್ಕೆ. ಅದಕ್ಕೆ ತೋರುಬೆರಳು ಮನೆ ಬಿಟ್ಟು
ಒಂದು ಹೆಜ್ಜೆ ಆಚೆ ಹೋಗಬೇಕು, ನನಗೆ ಸರಿಬರಲಿಲ್ಲ.
ಜೆ ಕೆಳಕ್ಕೆ. ಕೆ
ಮೇಲಕ್ಕೆ.
ಕನ್ನಡದ ಕಿವಿಗೆ ಕೆ ಅಂದರೆ ಕೆಳಗೇ ತಾನೆ?
ಎಲ್ ಅಂದರೆ ಎಡವೇ ತಾನೆ? ಅಲ್ಲ, ಬಲ.
ಮೂರು ದಿನ ಮೇಲೆ ಹೋಗಬೇಕಾದಲ್ಲಿ ಇಳಿದೆ,
ಇಳಿಯಬೇಕಾದಲ್ಲಿ ತಲೆ ಬಡಿಸಿಕೊಂಡೆ.
ಬಸ್ಸಿನ ಕಿಟಕಿಗೆ ಬೆರಳಿಟ್ಟು ಗೊಣಗಿದೆ, ಕೆ ಮೇಲೆ, ಕೆ ಮೇಲೆ.
ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಒಂದು ರಾತ್ರಿ ಹೊರಬರುವ ದಾರಿ ಮರೆತೆ.
ಮುಚ್ಚಳ ಮುಚ್ಚಿ ಮನೆಗೆ ಹೋದೆ.
ಬೆಳಿಗ್ಗೆ ತೆರೆದರೆ ಅಲ್ಲೇ ಮಿಟುಕುತ್ತಿತ್ತು,
ಊಟಕ್ಕೂ ಏಳದ ನೆಂಟನ ಹಾಗೆ.
ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ.
ಹೋಗು ಅನ್ನುವುದಕ್ಕೂ ಇಷ್ಟು ಮರ್ಯಾದೆ.

ಯು ಕಲಿತದ್ದು ಶನಿವಾರ.
ಒತ್ತಿದರೆ ಮಾಡಿದ್ದು ಮಾಡದಂತಾಗುತ್ತದೆ.
ಡಿ ಡಿ, ಒಂದು ಸಾಲು ಹೋಯಿತು. ಯು, ಬಂತು.
ಡಿ ಡಿ. ಯು. ಹತ್ತು ಸಲ ಮಾಡಿದೆ, ಮಗುವಿನ ಹಾಗೆ.
ಹನ್ನೊಂದನೆಯ ಸಲ ಗಿರಿಯಮ್ಮ ನೆನಪಾದಳು.
ಅವಳ ಅರ್ಜಿಯಲ್ಲಿ, ಬೆಂಚಿನ ಮೇಲೆ ಬೀಡಿ ಸೇದುತ್ತ ಕೂತಿದ್ದ
ಗಂಡನ ಹೆಸರಿನ ಮುಂದೆ
ದಿವಂಗತ ಎಂದು ಹೊಡೆದುಬಿಟ್ಟಿದ್ದೆ.
ಮೂರು ಕಾರ್ಬನ್ ಪ್ರತಿಯಲ್ಲೂ ಸತ್ತಿದ್ದ.
ಅರ್ಧ ಬ್ಲೇಡಿನಿಂದ ಕೆರೆದು ಕೆರೆದು ಬದುಕಿಸಿದೆ.
ಕಾಗದ ಅಲ್ಲಿ ತೆಳ್ಳಗಾಯಿತು,
ಬೆಳಕಿಗೆ ಹಿಡಿದರೆ ಗೊತ್ತಾಗುತ್ತಿತ್ತು
ಒಮ್ಮೆ ಹೋಗಿ ಬಂದವನು ಎಂದು.
ಇಲ್ಲಿ ತೆಳ್ಳಗಾದ ಜಾಗವೇ ಇಲ್ಲ.
ಮುಬೀನಾಗೆ ಹೇಳಿದೆ. ಅವಳು ನಕ್ಕು ಸುಮ್ಮನಾದಳು.

ಸೋಮವಾರ ಲ್ಯಾಬು. ಮೂವತ್ತು ಹುಡುಗರು,
ಮೂವತ್ತು ಬಗ್ಗಿದ ಕುತ್ತಿಗೆ.
ಚೀಲದಿಂದ ಹಳೆಯ ಟವೆಲುಗಳನ್ನು ತೆಗೆದು
ಮೊದಲ ಸಾಲಿನ ಕೈಗಳ ಮೇಲೆ ಹೊದಿಸಿದೆ.
ನಗು. ಆಮೇಲೆ ಗಾಬರಿ.
ಅನಗೋಡಿನ ಹುಡುಗನೊಬ್ಬ, ರೇವಣ್ಣ ಅಂತ, ಕೇಳಿದ:
"ಕೆ ಎಲ್ಲೈತಿ ಮೇಡಂ?"

"ಬಲಗೈ ನಡುಬೆರಳಿನ ಕೆಳಗೆ," ಅಂದೆ.
"ಹೋಗೋದು ಮಾತ್ರ ಮೇಲೆ."