ಅರ್ಧ ಕಿಲೋ

ಡಂಡೀಯ ಲಾಕೀ ರಸ್ತೆ, ಲಾಂಡ್ರಿ ಅಂಗಡಿಯ ಕೆಳಗೆ ನೆಲಮಾಳಿಗೆ.
ಹನ್ನೊಂದು ಮೆಟ್ಟಿಲಿಳಿದರೆ ಕಬ್ಬಿಣದ ವಾಸನೆ,
ಸೀಮೆಸುಣ್ಣದ ಪುಡಿ, ಯಾರದೋ ಒದ್ದೆ ಟವೆಲು.
ನಮ್ಮ ದಾವಣಗೆರೆಯ ಗರಡಿಯಲ್ಲಿ ಹೊಸ್ತಿಲು ದಾಟಲೂ ಬಿಡದಿದ್ದವಳು ನಾನು;
ಇಲ್ಲಿ ಇಶ್ಬೆಲ್ ಎಂಬವಳೇ ಉಸ್ತಾದ್.

"ಬೆನ್ನು ನೆಟ್ಟಗೆ. ನೆಲವನ್ನು ಕೆಳಕ್ಕೆ ತಳ್ಳು,
ಕಂಬಿ ತಾನೇ ಮೇಲೆ ಬರುತ್ತೆ" ಅನ್ನುತ್ತಾಳೆ.
ತಾನೇ ಏನೂ ಬರುವುದಿಲ್ಲ.
ಐವತ್ತು ಕಿಲೋದಲ್ಲಿ ಏಳು ವಾರ ನಿಂತೆ,
ಕೆಸರಲ್ಲಿ ಕೂತ ಎಮ್ಮೆಯ ಹಾಗೆ ಕೂತಿತ್ತು ಕಂಬಿ.
ಅವಳು ಹತ್ತು ಕಿಲೋ ಕಳಚಿದಳು. ಅತ್ತುಬಿಟ್ಟೆ.
ಟಗರು ಹಿಂದೆ ಸರಿಯೋದು ಗುದ್ದೋದಕ್ಕೇ
ಅಂತ ನನಗೆ ನಾನೇ ಹೇಳಿಕೊಂಡೆ, ಬಸ್ಸಿನಲ್ಲಿ.

ಆಮೇಲೆ ಬಂದವು ಕಾಲು ಕಿಲೋದ ಬಿಲ್ಲೆಗಳು,
ಕೋಡುಬಳೆಯಷ್ಟಗಲ. ಆಚೆಗೊಂದು, ಈಚೆಗೊಂದು.
ವಾರಕ್ಕೆ ಅರ್ಧ ಕಿಲೋ. ಅವಸರವಿಲ್ಲ.

ಹಗಲು ನನಗೆ ವೃದ್ಧಾಶ್ರಮದಲ್ಲಿ ಕೆಲಸ.
ಅಲ್ಲಿ ಕೈಯಿಂದ ಯಾರನ್ನೂ ಎತ್ತಕೂಡದು, ಕಾನೂನು;
ನೀಲಿ ಜೋಳಿಗೆಯಲ್ಲಿ ಕೂರಿಸಿ ಗುಂಡಿ ಒತ್ತಿದರೆ
ಮನುಷ್ಯ ಮೆಲ್ಲಗೆ ತೂಗುತ್ತ ಮೇಲೇಳುತ್ತಾನೆ.
ಮಿಸ್ಟರ್ ಗೀಕಿ, ಸೆಣಬಿನ ಗಿರಣಿಯಲ್ಲಿ ಮೂಟೆ ಹೊತ್ತವರು,
ಪ್ರತಿ ಮಂಗಳವಾರ ಜೋಳಿಗೆಯಿಂದಲೇ ಕೇಳುತ್ತಾರೆ: "ನಿನ್ನೆ ಎಷ್ಟು?"
ಹೇಳುತ್ತೇನೆ. "ಅಷ್ಟೇನಾ?"
ಅವರ ಬಾಯಲ್ಲಿ ಗಿರಣಿಯ ಮೂಟೆ
ವಾರವಾರವೂ ಭಾರವಾಗುತ್ತ ಹೋಗುತ್ತದೆ.

ಸೋಮವಾರ ಬೆಳಿಗ್ಗೆ ಅವರ ತೂಕ ಬರೆಯುವವಳೂ ನಾನೇ.
ಅರವತ್ತೆರಡು. ಅರವತ್ತೊಂದೂವರೆ. ಅರವತ್ತೊಂದು.
ಸಂಜೆ ನನ್ನ ಪುಸ್ತಕದಲ್ಲಿ
ನಲವತ್ತು. ನಲವತ್ತೂವರೆ. ನಲವತ್ತೊಂದು.
ಎರಡರಲ್ಲೂ ನನ್ನದೇ ಅಕ್ಷರ, ತುಸು ಎಡಕ್ಕೆ ವಾಲಿದ್ದು.

ನವೆಂಬರಿನಲ್ಲಿ, ಟೇ ನದಿ ನಾಲ್ಕಕ್ಕೇ ಕಪ್ಪಾಗುವ ದಿನಗಳಲ್ಲಿ,
ಎರಡು ಸಾಲೂ ಐವತ್ತೊಂದರಲ್ಲಿ ಎದುರುಬದುರಾದವು.
ಬೆಳಿಗ್ಗೆ ಬರೆದು, ಪೆನ್ನಿನ ಮುಚ್ಚಳ ಹುಡುಕುತ್ತ
ಸುಮಾರು ಹೊತ್ತು ಕೂತಿದ್ದೆ. ಅದು ಕೈಯಲ್ಲೇ ಇತ್ತು.

ಸಂಜೆ ಕಂಬಿಯ ಮುಂದೆ ಬಗ್ಗಿದೆ.
ಕಬ್ಬಿಣಕ್ಕೆ ಹೆಸರಿಡಬಾರದು, ಇಟ್ಟರೆ ಹಿಡಿತ ಜಾರುತ್ತೆ.
ನೆಲವನ್ನು ತಳ್ಳಿದೆ.
ಮೊಣಕಾಲು ದಾಟಿತು, ತೊಡೆ ಸವರಿತು, ನೆಟ್ಟಗೆ ನಿಂತೆ.
"ಸಾಕು, ಇಳಿಸು" ಎಂದಳು ಇಶ್ಬೆಲ್.
ಇನ್ನೂ ಒಂದು ಉಸಿರು ಹಿಡಿದೆ. ಇನ್ನೊಂದು.
ಆಮೇಲೆ, ಸದ್ದಾಗದ ಹಾಗೆ, ನೆಲಕ್ಕೆ ಕೊಟ್ಟೆ.

ಮಂಗಳವಾರ. "ನಿನ್ನೆ ಎಷ್ಟು?"
"ಐವತ್ತೊಂದು."
"ಅಷ್ಟೇನಾ," ಎಂದರು.
ಗಿರಣಿಯ ಮೂಟೆ ಅಷ್ಟರಲ್ಲಿ ಇನ್ನೂರು ದಾಟಿತ್ತು.