ರಾತ್ರಿ ಪಾಳಿ

ಆಗಮನ ಕಾಲದ ಮೊದಲ ಭಾನುವಾರ
ಗುರುಗಳು ಎಚ್ಚರವಾಗಿರಿ ಎಂದಾಗ
ಮುಂದಿನ ಬೆಂಚಿನ ರೋಜ್‌ಲಿನ್ ಟೀಚರು
ತಿರುಗಿ ನನ್ನ ನೋಡಿ ನಕ್ಕರು.
ಪಾಳಿ ಮುಗಿಸಿ ನೇರ ಪೂಜೆಗೆ ಬಂದವನು ನಾನು.
ಸ್ವೆಟರಿನ ಮೇಲೆ ಏಜೆನ್ಸಿಯ ಬಿಲ್ಲೆ,
ಕಣ್ಣಲ್ಲಿ ಮರಳು.

ಹದಿನಾಲ್ಕು ವರ್ಷ ಬಿದಿರು ಬೇಯಿಸಿದ ಕೈಗೆ
ಈಗ ಅದೇ ಕಾಗದದ ಮಿಲ್ಲಿನ
ಎರಡನೇ ಗೇಟಿನ ಕಾವಲು.
ಸೈರನ್ ನಿಂತುಹೋಗಿ ಎಷ್ಟೋ ಆಯಿತು, ಆದರೂ
ನಮ್ಮ ಭದ್ರಾವತಿಯ ಓಣಿಯಲ್ಲಿ ಬೆಳಗಿನ ಆರಕ್ಕೆ
ಕಾಫಿ ಲೋಟ ತುಟಿಯ ಹತ್ತಿರ ತಡೆದು
ಕಿವಿಗೊಡುವವರು ಇನ್ನೂ ಮೂರು ಮಂದಿ ಇದ್ದಾರೆ.
ನನ್ನನ್ನೂ ಸೇರಿಸಿ.

ಗೇಟಿನಲ್ಲೊಂದು ರಿಜಿಸ್ಟರು.
ಗಂಟೆಗೊಮ್ಮೆ ಬರೆಯಬೇಕು:
ಯಾರೂ ಬಂದಿಲ್ಲ. ಎಲ್ಲ ಸರಿಯಿದೆ.
ಮೊದಲನೆಯದು ನಿಜ.
ಎರಡನೆಯದು ಸಂಬಳಕ್ಕೆ.

ರಂಗಪ್ಪ ಸರ್ಕಲ್ಲಿನ ಬೇಕರಿಗಳಿಗೆ
ಕ್ರಿಸ್‌ಮಸ್ ಆಗಲೇ ಬಂದುಬಿಟ್ಟಿದೆ, ಅರ್ಧ ಕಿಲೋ, ಒಂದು ಕಿಲೋ.
ನಮ್ಮ ಗುಡಿಯೊಳಗೆ ಮಾತ್ರ ನೇರಳೆ ಬಟ್ಟೆ.
ಹೂವಿಲ್ಲ, ಮಹಿಮೆಯ ಹಾಡಿಲ್ಲ,
ನಾಲ್ಕು ಬತ್ತಿಯಲ್ಲಿ ಒಂದಕ್ಕಷ್ಟೇ ಉರಿ.
ಗೋದಲಿಗೆ ಹುಲ್ಲು ಹಾಸಿ ಖಾಲಿ ಬಿಟ್ಟಿದ್ದಾರೆ.
ಖಾಲಿಯನ್ನು ಕಾಯುವುದು ಹೇಗೆಂದು
ನನಗೆ ಯಾರೂ ಕಲಿಸಬೇಕಿಲ್ಲ.

ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.
ಆತ ಬರುವುದು ಕಳ್ಳನ ಹಾಗಂತೆ,
ಹೊತ್ತಲ್ಲದ ಹೊತ್ತಿನಲ್ಲಿ.
ಸ್ವಾಮೀ, ನನಗೆ ಸಂಬಳ ಕೊಡುವುದೇ
ಕಳ್ಳರನ್ನು ಹಿಡಿಯಲಿಕ್ಕೆ.

ಹಿಂಬದಿಯ ಗೋಡೆಯಲ್ಲೊಂದು ಕಿಂಡಿ ಇದೆ,
ಸೌದೆಯ ಹೆಂಗಸರು, ಆಡುಗಳು, ಹುಡುಗರು
ವರ್ಷಗಟ್ಟಲೆ ಸವೆಸಿದ್ದು.
ಮುಚ್ಚಿಸಲು ಎರಡು ಚೀಲ ಸಿಮೆಂಟು ಬಂದಿದೆ.
ಎರಡನೇ ವಾರದ ಬುಧವಾರ, ಎರಡೂವರೆ ಗಂಟೆ,
ಭದ್ರೆಯ ಮಂಜು ಗೇಟಿನ ತನಕ ತೆವಳಿಬಂದಾಗ
ಕಿಂಡಿಯ ಕಡೆ ಕಬ್ಬಿಣಕ್ಕೆ ಕಲ್ಲು ತಾಗಿದ ಸದ್ದು.
ಟಾರ್ಚು ಬಿಟ್ಟೆ.
ಹಾಲೇಶಿ. ಡೈಜೆಸ್ಟರಿನ ಫಿಟ್ಟರು ಹಾಲೇಶಿ,
ಎದೆಗವಚಿ ಹಿಡಿದಿದ್ದಾನೆ ಹಿತ್ತಾಳೆಯ ವಾಲ್ವು,
ಶಾಲಿನಲ್ಲಿ ಸುತ್ತಿ.

‘ನಾನೇ ಕೂರಿಸಿದ್ದು ಕಣೋ ಸವರಿ,’ ಅಂದ.
‘ಗೊತ್ತು,’ ಅಂದೆ.
ಆಮೇಲೆ ಇಬ್ಬರಿಗೂ ಏನೂ ತೋಚಲಿಲ್ಲ.
ನೀಲಗಿರಿ ತೊಗಟೆಯ ಬೆಂಕಿಗೆ ಕೂತೆವು.
ವಾಲ್ವು ಅವನ ಮಡಿಲಲ್ಲಿ, ಮಲಗಿದ ಕೂಸಿನ ಹಾಗೆ;
ಮರೆತು ಒಂದೆರಡು ಸಲ ತಟ್ಟಿಯೂ ತಟ್ಟಿದ.

‘ನಿಮ್ಮ ಏಸು ಬರೋದು ಯಾವತ್ತು?’
‘ಇಪ್ಪತ್ತನಾಲ್ಕರ ರಾತ್ರಿ.’
‘ಅದು ಹಬ್ಬ. ನಾನ್ ಕೇಳಿದ್ದು ಬರೋದು.’
ಬೆಂಕಿ ಕೆದಕಿದೆ. ಕಿಡಿ ಹಾರಿತು, ಆರಿತು.
ಹಾಲೇಶಿ ಕಾದ. ಅವನಿಗೂ ಕಾಯುವುದು ಗೊತ್ತು.
ಮಿಲ್ಲು ತೆರೆಯುತ್ತದೆಂದು
ಪ್ರತಿ ಚುನಾವಣೆಗೂ ಬೂಟಿಗೆ ಎಣ್ಣೆ ಹಾಕಿದವನು.

ಮಿಲ್ಲು ತೆರೆಯುವುದಿಲ್ಲ. ಅದನ್ನು ಆ ರಾತ್ರಿ ಇಬ್ಬರೂ ಬಾಯಿಬಿಟ್ಟು ಹೇಳಿದೆವು.
ಹೇಳಿದ ಮೇಲೂ ಕಾಯುವುದು ನಿಲ್ಲಲಿಲ್ಲ.
ಎದೆಯಲ್ಲಿ ಅದು ಹಾಗೇ ಎದ್ದು ಕೂತಿತ್ತು,
ಯಜಮಾನ ಬದಲಾದ ನಾಯಿಯಂತೆ,
ಬೇರೊಂದು ಹೆಜ್ಜೆಗೆ ಕಿವಿ ನಿಮಿರಿಸಿ.
ಇದಕ್ಕೇ ಏನೋ ಗುರುಗಳು ಭರವಸೆ ಅನ್ನುವುದು.
ನನಗೆ ತಿಳಿಯದು.

ನಸುಕಿಗೆ ಹಾಲೇಶಿ ವಾಲ್ವನ್ನು
ನನ್ನ ಸ್ಟೂಲಿನ ಮೇಲಿಟ್ಟು ಹೋದ. ನಾನೇನೂ ಕೇಳಿರಲಿಲ್ಲ.

ಮೂರನೇ ವಾರದ ಗುಲಾಬಿ ಬತ್ತಿ
ಇಡೀ ಪೇಟೆಯಲ್ಲಿ ಸಿಗದೆ, ನನ್ನವಳು ಆರೋಗ್ಯಮ್ಮ
ಮೊಮ್ಮಗಳ ಕ್ರೇಯಾನು ಕರಗಿಸಿ ಎರಕ ಹೊಯ್ದಳು.
ಉರಿದದ್ದು ಓರೆಯಾಗಿ, ಬಳಪದ ವಾಸನೆ.
ಆ ದಿನ ಹಿಗ್ಗಬೇಕೆಂದು ನಿಯಮ. ಹಿಗ್ಗಿದೆವು.

ಇಂದು ಇಪ್ಪತ್ತನಾಲ್ಕು. ನನಗೆ ರಜೆಯಿಲ್ಲ.
ಗುಡಿಯ ಗಂಟೆ ಇಲ್ಲಿಗೆ ಕೇಳಿದರೆ ಗಾಳಿಯ ಪುಣ್ಯ.
ಇಬ್ಬನಿಗೆ ಸಿಮೆಂಟು ಚೀಲದಲ್ಲೇ ಕಲ್ಲಾಗಿದೆ,
ಕಿಂಡಿ ಹಾಗೇ ಇದೆ.
ರಿಜಿಸ್ಟರಿನಲ್ಲಿ ಈ ತಿಂಗಳು ಒಂದು ಪದ ಹೆಚ್ಚಿಗೆ ಬರೆಯುತ್ತಿದ್ದೇನೆ:
ಯಾರೂ ಇನ್ನೂ ಬಂದಿಲ್ಲ.
ಸೂಪರ್‌ವೈಸರು ಸಹಿ ಹಾಕಿದ. ಓದಲಿಲ್ಲ.

ಹನ್ನೊಂದು ಮುಕ್ಕಾಲು.
ಬೆಂಕಿಗೆ ಇನ್ನೊಂದು ತೊಗಟೆ ಹಾಕಿ
ಟಾರ್ಚು ಆರಿಸಿದ್ದೇನೆ,
ಬರುವವರಿಗೆ ಕಣ್ಣು ಕುಕ್ಕದಿರಲಿ ಎಂದು.