ಆರು ಮತ್ತು ಏಳರ ನಡುವೆ

ನಾಟಕ ನಾ ನೋಡಿಲ್ಲ. ಸಿ.ಡಿ. ಇತ್ತು ಅಷ್ಟೇ,
ಗೀರು ಬಿದ್ದದ್ದು, ಧಾರವಾಡದಿಂದ ಯಾರೋ ತಂದು
ಜೋಡಭಾವಿ ಪೇಠದ ರಿಪೇರಿ ಅಂಗಡ್ಯಾಗ ಮರೆತದ್ದು.

ಹದಿನಾಲ್ಕು ಹಾಡು. ಹಡಗಿನ ಕಥಿ.
ಸೊಲ್ಲಾಪುರಕ್ಕ ಸಮುದ್ರ ಎಲ್ಲಿಂದ ಬರಬೇಕು?
ಟಾವೆಲ್ ಮಗ್ಗದ ಖಟಾಖಟಿನೊಳಗ
ಒಂದು ಕಿವಿಗೆ ಮೊಬೈಲಿನ ವಾಯರು ಚುಚ್ಚಿಕೊಂಡು
ರಾತ್ರಿ ಪಾಳಿ ಪೂರಾ ನಾ ಬಂದರಿನ್ಯಾಗ ಇರತಿದ್ದೆ.

ಆಕಿ ಹೆಸರು ಗೊತ್ತಿಲ್ಲ, ಕವರು ಇರಲಿಲ್ಲ.
ಉಪ್ಪು ಮಾರಾಕಿ ಪಾತ್ರ.
ನಾಲ್ಕನೇ ಹಾಡಿನಾಗ ಎರಡನೇ ಸಲ ‘ತಡಿ’ ಅನ್ನೂ ಮುಂಚೆ
ಉಸಿರು ಸಾಲದೆ ಮೂಗಿನಿಂದ ಕದ್ದು ಎಳಕೋತಾಳ.
ಆ ಉಸಿರು ನನಗ ಬಾಯಿಪಾಠ.

ಆರನೇದರ ಕೊನಿಗೆ ಏಣಿ ಹತ್ತತಾಳ, ನಗಕೋತ.
ಏಳನೇದು ಸುರು ಆದಾಗ
ದನಿ ಒಡದಿರತದ.
ನಡುವ ಮೂರು ಸೆಕೆಂಡು ಸುಮ್ಮ.
ಏನಾತು? ಯಾರು ಏನಂದರು?
ಹನ್ನೊಂದು ವರ್ಷ ಆ ಮೂರು ಸೆಕೆಂಡಿನಾಗ
ಪತ್ರ ಬರಿಸೀನಿ, ಹಗ್ಗ ಹರಿಸೀನಿ,
ಒಮ್ಮೆ ನನ್ನ ತಂಗಿ ನೀಲಾಂಬಿಕಾ ತೀರಿದ ಸುದ್ದಿನೂ
ಮುಟ್ಟಿಸೀನಿ ಆಕಿಗೆ.

ಮೊನ್ನೆ ಟಾವೆಲ್ ಒಯ್ಯಾಕ ಬಂದ ಕಲ್ಲಿನಾಥ ಮಾಸ್ತರ
ಹರೇದಾಗ ಆ ನಾಟಕಕ್ಕ ಪರದಾ ಎಳದಾವರಂತ.
ಕೇಳಿದೆ. ತಲಿ ಕೆರಕೊಂಡರು:
“ಅಲ್ಲೇನೂ ಇಲ್ಲೋ. ದೀಪ ಆರತದ.
ನಾವಿಬ್ಬರು ಏಣಿ ಎತ್ತಿ ಒಳಗ ಒಯ್ತಿದ್ವಿ.
ಏಳನೇದು ಮರುದಿನ ರೆಕಾರ್ಡ್ ಮಾಡಿದ್ದು,
ಆಕಿಗೆ ನೆಗಡಿ ಆಗಿತ್ತು.”

ಚಾ ಕುಡದು ಹೋದರು.
ಮಗ್ಗ ಬಂದ್ ಮಾಡಿದೆ. ಆರು ಮುಗೀತು.
ಏಣಿ ಎತ್ತಿದ ಸಪ್ಪಳ ಕೇಳಸ್ತದೇನಂತ
ಇನ್ನೊಂದು ಕಿವಿಗೂ ವಾಯರು ಹಾಕ್ಕೊಂಡೆ.
ಇಲ್ಲ.
ಏಳು ಬಂತು.

ನೆಗಡಿಯಂತ,
ನೆಗಡಿ.